ಗೋಡೆ ಮೇಲಿನ ಕೈ

1/10
ಭಾನುವಾರದ ಮ್ಯಾಚ್ ಮುಗಿದು ನಾಲ್ಕು ದಿನ ಆಯ್ತು. ಕ್ಲಾಸ್ ಗ್ರೂಪ್‌ನಲ್ಲಿ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಹೊರಗಿನಿಂದ ಓದ್ತಿರೋರಿಗೆ ಚಿಕ್ಕದಾಗಿ ಹೇಳ್ತೀನಿ. ನಾವು ಆಡೋ ಗ್ರೌಂಡ್‌ನ ಒಂದು ಕಡೆ ಕಾಂಪೌಂಡ್ ಗೋಡೆ ಇದೆ. ಗೋಡೆ ದಾಟಿದ್ರೆ ಸಿಕ್ಸ್. ಕೊನೇ ಓವರ್‌ನಲ್ಲಿ ಬಾಲ್ ಎತ್ತರಕ್ಕೆ ಹೋಯ್ತು. ನಮ್ಮ ಬಿ ಸೆಕ್ಷನ್ ಫೀಲ್ಡರ್ ಗೋಡೆ ಹತ್ರ ಓಡಿ, ಎಗರಿ, ಕೈ ಚಾಚಿದ. ಗೋಡೆ ಮೇಲೆ ಕೂತಿದ್ದ ಒಬ್ಬ ಫಸ್ಟ್ ಇಯರ್ ಹುಡುಗನೂ ಕೈ ಚಾಚಿದ. ಕೈಗೆ ಕೈ ತಾಗ್ತು, ಬಾಲ್ ಇಬ್ಬರಿಗೂ ಸಿಗದೆ ಆಚೆ ಬಿತ್ತು. ಅಂಪೈರ್ ಆಗಿದ್ದ ಸೀನಿಯರ್ ಅಣ್ಣ ಸಿಕ್ಸ್ ಕೊಟ್ರು. ನಾವು ಸೋತ್ವಿ.

ಅವತ್ತು ರಾತ್ರಿಯೇ ಯಾರೋ ಒಂದು ಬೇಸ್‌ಬಾಲ್ ರೀಲ್ ತಂದು ಗ್ರೂಪ್‌ಗೆ ಹಾಕಿದ್ರು. "ನೋಡ್ರೋ, ಅಮೆರಿಕಾದಲ್ಲಿ ಸೇಮ್ ಟು ಸೇಮ್ ಹೀಗೇ ಆಗಿದೆ, ಅಲ್ಲಿ ಔಟ್ ಕೊಟ್ಟಿದಾರೆ!" ಅಂತ. ಅಷ್ಟೇ, ಅಲ್ಲಿಂದ ಶುರು. ಬೇಸ್‌ಬಾಲ್‌ನಲ್ಲಿ ಎಷ್ಟು ಜನ ಆಡ್ತಾರೆ ಅಂತ ಗೊತ್ತಿಲ್ಲದೋರೂ ರೂಲ್ ಹೇಳೋಕೆ ಶುರು ಮಾಡಿದ್ರು. (ಒಂಬತ್ತು ಜನ ಕಣ್ರೋ.)

ನಾನು ಸ್ವಲ್ಪ ವರ್ಷದಿಂದ ಬೇಸ್‌ಬಾಲ್ ನೋಡ್ತೀನಿ. ಅಲ್ಲಿ ರಾತ್ರಿ ಮ್ಯಾಚ್ ನಡೆಯೋವಾಗ ನಮಗೆ ತಿಂಡಿ ಟೈಮ್, ಹಾಸ್ಟೆಲ್‌ನಲ್ಲಿ ಉಪ್ಪಿಟ್ಟಿನ ಜೊತೆ ನೋಡೋಕೆ ಸರಿಯಾಗತ್ತೆ. ಆ ರೀಲ್‌ನಲ್ಲಿರೋ ಘಟನೆ ನನಗೆ ಚೆನ್ನಾಗಿ ಗೊತ್ತು. ಗ್ರೂಪ್‌ನಲ್ಲಿ ಬರೆದ್ರೆ ಮಧ್ಯದಲ್ಲಿ ಹತ್ತು ಜನ ಜಿಫ್ ಹಾಕ್ತಾರೆ, ಅದಕ್ಕೇ ಇಲ್ಲಿ ಬರೀತಿದೀನಿ. ಉದ್ದ ಇದೆ. ಪುರುಸೊತ್ತಿದ್ರೆ ಓದಿ.

2/10
ಮೊದಲು ಗೋಡೆ ವಿಷಯ.

ಕ್ರಿಕೆಟ್‌ನಲ್ಲಿ ಬೌಂಡರಿ ಅಂದ್ರೆ ಹಗ್ಗ. ಕ್ಯಾಚ್ ಹಿಡಿಯೋವಾಗ ಫೀಲ್ಡರ್ ಕಾಲು ಹಗ್ಗಕ್ಕೆ ತಾಗಿದ್ರೆ ಕಥೆ ಮುಗೀತು, ಸಿಕ್ಸ್. ದೊಡ್ಡ ಸ್ಟೇಡಿಯಂಗಳಲ್ಲಿ ಹಗ್ಗದ ಆಚೆ ಜಾಗ, ಜಾಹೀರಾತು ಬೋರ್ಡು, ಬೇಲಿ, ಆಮೇಲೆ ಜನ. ಹಾಗಾಗಿ ಪ್ರೇಕ್ಷಕನ ಕೈ ಮತ್ತು ಫೀಲ್ಡರ್ ಕೈ ಒಂದೇ ಜಾಗದಲ್ಲಿ ಸೇರೋದೇ ಅಪರೂಪ.

ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಔಟ್‌ಫೀಲ್ಡ್ ಕೊನೆಗೆ ಗೋಡೆ. ಎಷ್ಟೋ ಕಡೆ ಆ ಗೋಡೆಗೆ ಮೊಣಕೈ ಊರಿಕೊಂಡೇ ಜನ ಕೂತಿರ್ತಾರೆ. ಬಾಲ್ ನೇರ ಗೋಡೆ ದಾಟಿದ್ರೆ ಹೋಂ ರನ್. ಆದ್ರೆ ಫೀಲ್ಡರ್ ಗೋಡೆ ಹತ್ತಿ, ಎಗರಿ, ಆಚೆಗೆ ಕೈ ಹಾಕಿ, ದಾಟಿಹೋದ ಬಾಲನ್ನ ವಾಪಸ್ ಎಳೆದು ತರಬಹುದು. ಅದು ಔಟ್. ಹೋಂ ರನ್ ಕದಿಯೋದು ಅಂತಾರೆ, ಆ ಆಟದಲ್ಲಿ ನೋಡೋಕೆ ಇದಕ್ಕಿಂತ ಚೆಂದದ್ದು ಕಮ್ಮಿ.

ಇನ್ನೊಂದು ವಿಷಯ. ಅಲ್ಲಿ ಸ್ಟ್ಯಾಂಡ್‌ಗೆ ಬಂದ ಬಾಲ್ ಹಿಡಿದವರಿಗೇ ಸೇರಿದ್ದು. ನಮ್ಮ ಥರ ವಾಪಸ್ ಎಸೀಬೇಕಿಲ್ಲ. ಅಪ್ಪಂದಿರು ಮಕ್ಕಳಿಗೆ ಗ್ಲೌಸ್ ಹಾಕಿಸಿಕೊಂಡೇ ಕರ್ಕೊಂಡು ಬರ್ತಾರೆ. ಬಾಲ್ ನಿನ್ನ ಕಡೆ ಬಂದ್ರೆ ಕೈ ಚಾಚು ಅಂತ ಚಿಕ್ಕಂದಿನಿಂದ ಕಲಿಸಿದ ಜನ ಅವರು. ಬಾಲ್ ಬಂದಾಗ ಕೈ ಹಿಂದಕ್ಕೆ ಎಳ್ಕೊಳ್ಳೋದನ್ನ ಅವರಿಗೆ ಯಾರೂ ಪ್ರಾಕ್ಟೀಸ್ ಮಾಡಿಸಿಲ್ಲ.

ಇಂಥ ಕಡೆ ರೂಲ್ ಏನು ಹೇಳತ್ತೆ? ಗೋಡೆಯ ಅಂಚಿನಿಂದ ನೆಟ್ಟಗೆ ಆಕಾಶಕ್ಕೆ ಒಂದು ಗೆರೆ ಎಳೆದ ಹಾಗೆ ಊಹಿಸ್ಕೊಳ್ಳಿ. ಗೆರೆಯ ಈಚೆ ಮೈದಾನ, ಆಚೆ ಪ್ರೇಕ್ಷಕನ ಜಾಗ. ಪ್ರೇಕ್ಷಕ ಈಚೆಗೆ ಕೈ ಚಾಚಿ, ಫೀಲ್ಡರ್ ಕ್ಯಾಚ್ ಹಿಡಿಯೋದನ್ನ ಸ್ಪಷ್ಟವಾಗಿ ತಪ್ಪಿಸಿದ್ರೆ ಬ್ಯಾಟರ್ ಔಟ್. ಫೀಲ್ಡರ್ ಆಚೆಗೆ ಕೈ ಹಾಕಿದ್ರೆ ಅದು ಅವನ ಸ್ವಂತ ರಿಸ್ಕ್. ಅಲ್ಲಿ ಯಾರಾದ್ರೂ ಬಾಲಿಗೆ ಕೈ ಹಾಕಿ ಅವನಿಗೆ ಸಿಗದೇ ಹೋದ್ರೆ ಅಂಪೈರ್ ಹತ್ರ ಅಳೋ ಹಾಗಿಲ್ಲ.

ಕೇಳೋಕೆ ಎಷ್ಟು ಸುಲಭ, ಅಲ್ವಾ?

3/10
ಈಗ ಆ ರೀಲ್.

2018 ಅಕ್ಟೋಬರ್ 17, ಹ್ಯೂಸ್ಟನ್. ಅಮೆರಿಕನ್ ಲೀಗ್ ಫೈನಲ್ ಸರಣಿಯ ನಾಲ್ಕನೇ ಮ್ಯಾಚ್, ಹ್ಯೂಸ್ಟನ್ ಆಸ್ಟ್ರೋಸ್ ವಿರುದ್ಧ ಬೋಸ್ಟನ್ ರೆಡ್ ಸಾಕ್ಸ್. ಏಳು ಮ್ಯಾಚ್‌ಗಳ ಸರಣಿಯಲ್ಲಿ ಬೋಸ್ಟನ್ 2–1 ಮುಂದೆ. ಆಸ್ಟ್ರೋಸ್ ಅಂದ್ರೆ ಹಿಂದಿನ ವರ್ಷದ ಚಾಂಪಿಯನ್ನು, ಅದೂ ಸ್ವಂತ ಊರಿನ ಮ್ಯಾಚ್. ಸ್ಟೇಡಿಯಂ ಸದ್ದು ಹೇಗಿತ್ತು ಅಂತ ನೀವೇ ಊಹಿಸ್ಕೊಳ್ಳಿ.

ಮೊದಲ ಇನಿಂಗ್ಸ್‌ನಲ್ಲೇ ಬೋಸ್ಟನ್ ಎರಡು ರನ್ ಮಾಡಿತ್ತು. ಹ್ಯೂಸ್ಟನ್ ಸರದಿ ಬಂತು. ಒಬ್ಬ ಔಟ್, ಜಾರ್ಜ್ ಸ್ಪ್ರಿಂಗರ್ ಫಸ್ಟ್ ಬೇಸ್‌ನಲ್ಲಿ. ಬ್ಯಾಟಿಂಗ್‌ಗೆ ಹೋಸೆ ಆಲ್ಟುವೆ. ಐದೂವರೆ ಅಡಿ ಎತ್ತರದ ಮನುಷ್ಯ, 2017ರ ಲೀಗ್‌ನ ಅತ್ಯುತ್ತಮ ಆಟಗಾರ. ರಿಕ್ ಪೋರ್ಸೆಲ್ಲೋ ಎಸೆದ ಬಾಲನ್ನ ರೈಟ್ ಫೀಲ್ಡ್ ಕಡೆ ಎತ್ತಿ ಹೊಡೆದ. ಅಲ್ಲಿ ಬೋಸ್ಟನ್‌ನ ಮೂಕಿ ಬೆಟ್ಸ್, ಆ ವರ್ಷ ಅದೇ ಪ್ರಶಸ್ತಿ ಗೆಲ್ಲಲಿದ್ದವನು. ಹಿಂದಕ್ಕೆ ಓಡಿದ, ಗೋಡೆ ಹತ್ರ ಎಗರಿದ, ಗ್ಲೌಸ್ ಚಾಚಿದ. ಅದೇ ಕ್ಷಣಕ್ಕೆ ಮುಂದಿನ ಸಾಲಿನ ಜನರ ಕೈಗಳೂ ಬಂದ್ವು. ಯಾವುದೋ ಕೈ ಬೆಟ್ಸ್ ಗ್ಲೌಸಿಗೆ ತಾಗಿ ಗ್ಲೌಸ್ ಮುಚ್ಕೊಳ್ತು. ಬಾಲ್ ಒಳಗೆ ಬೀಳಲಿಲ್ಲ.

ಪ್ಲೇಆಫ್ ಮ್ಯಾಚ್‌ಗಳಲ್ಲಿ ನಾಲ್ಕರ ಬದಲು ಆರು ಅಂಪೈರ್ ಇರ್ತಾರೆ, ಇಬ್ಬರು ಔಟ್‌ಫೀಲ್ಡ್ ಗೆರೆಗಳ ಮೇಲೆ. ರೈಟ್ ಫೀಲ್ಡ್ ಕಡೆ ಇದ್ದವನು ಜೋ ವೆಸ್ಟ್. 1970ರ ದಶಕದಿಂದ ಅಂಪೈರಿಂಗ್ ಮಾಡ್ತಿದ್ದ, ಮೂರು ವರ್ಷ ಆದ್ಮೇಲೆ ಅತಿ ಹೆಚ್ಚು ಮ್ಯಾಚ್‌ಗಳ ದಾಖಲೆಯನ್ನೇ ಮುರಿದ ಮನುಷ್ಯ. ಅವನು ಹೋಂ ರನ್ ಸನ್ನೆ ಮಾಡಲಿಲ್ಲ. ಪ್ರೇಕ್ಷಕರ ಅಡ್ಡಿ ಅಂದ. ಆಲ್ಟುವೆ ಔಟ್. ಸ್ಪ್ರಿಂಗರ್ ವಾಪಸ್ ಫಸ್ಟ್ ಬೇಸ್‌ಗೆ.

2–2 ಆಗಬೇಕಿದ್ದ ಸ್ಕೋರು 2–0 ಆಗೇ ಉಳೀತು. ಆ ರಾತ್ರಿ ಮ್ಯಾಚ್ ಮುಗಿದಿದ್ದು 8–6ಕ್ಕೆ, ಬೋಸ್ಟನ್ ಪರ.

4/10
"ರಿಪ್ಲೇ ಇತ್ತಲ್ಲ, ನೋಡಿ ಸರಿ ಮಾಡ್ಬೋದಿತ್ತಲ್ಲ" ಅಂತ ಗ್ರೂಪ್‌ನಲ್ಲಿ ಒಬ್ಬ ಕೇಳಿದ್ದ. ನೋಡಿದ್ರು ಮಾರಾಯಾ. ಮೂರು ನಿಮಿಷಕ್ಕೂ ಜಾಸ್ತಿ ನೋಡಿದ್ರು.

ಬೇಸ್‌ಬಾಲ್ ರಿಪ್ಲೇಗೆ ಮೂರು ಥರದ ಉತ್ತರ ಇದೆ. ಒಂದು, ಅಂಪೈರ್ ಹೇಳಿದ್ದು ಸರಿ ಅಂತ ವಿಡಿಯೋದಲ್ಲಿ ಕಾಣ್ತಿದೆ. ಎರಡು, ತಪ್ಪು ಅಂತ ಕಾಣ್ತಿದೆ, ಬದಲಾಯಿಸಿ. ಮೂರು, ಯಾವುದೂ ಖಚಿತವಾಗಿ ಕಾಣ್ತಿಲ್ಲ, ಹಾಗಾಗಿ ಮೊದಲು ಹೇಳಿದ್ದೇ ಇರಲಿ. ನಮ್ಮ ಡಿಆರ್‌ಎಸ್‌ನಲ್ಲಿ ಅಂಪೈರ್ಸ್ ಕಾಲ್ ಅಂದಾಗ ಹೊಟ್ಟೆ ಉರಿಯತ್ತಲ್ಲ, ಹೆಚ್ಚುಕಮ್ಮಿ ಆ ಥರದ್ದು. ಹ್ಯೂಸ್ಟನ್‌ನಲ್ಲಿ ಬಂದಿದ್ದು ಮೂರನೇ ಉತ್ತರ.

ಯಾಕೆ ಕಾಣಲಿಲ್ಲ? ಪ್ರಶ್ನೆ ಇದ್ದಿದ್ದು ಕೈ ತಾಗಿತಾ ಅಂತ ಅಲ್ಲ. ಅದು ಎಲ್ಲರಿಗೂ ಕಾಣ್ತು. ಕೈ ತಾಗಿದಾಗ ಬೆಟ್ಸ್ ಗ್ಲೌಸ್ ಆ ಗೆರೆಯ ಈಚೆ ಇತ್ತಾ, ಆಚೆ ಇತ್ತಾ ಅಂತ. ಅದನ್ನ ಮುಂದಿನಿಂದ ನೋಡಿದ್ರೆ ಗೊತ್ತಾಗಲ್ಲ, ಗೋಡೆಯ ಉದ್ದಕ್ಕೆ ಪಕ್ಕದಿಂದ ನೋಡಬೇಕು. ರನ್ ಔಟ್ ತೀರ್ಮಾನ ಮಾಡೋಕೆ ಕ್ರೀಸ್ ನೇರಕ್ಕೆ ಕ್ಯಾಮೆರಾ ಬೇಕಲ್ಲ, ಹಾಗೆ. ಅಂಥ ಕೋನದಲ್ಲಿ ಒಂದು ಕ್ಯಾಮೆರಾ ಇತ್ತು ಕೂಡ. ಆದ್ರೆ ಸರಿಯಾಗಿ ಆ ಹೊತ್ತಿಗೆ ಅದರ ಮುಂದೆ ಒಬ್ಬ ಸೆಕ್ಯೂರಿಟಿ ಗಾರ್ಡ್ ಅಡ್ಡ ಬಂದಿದ್ದ.

ಹೌದು. ವರ್ಷದ ಅತಿ ಮುಖ್ಯ ಮ್ಯಾಚ್‌ಗಳಲ್ಲಿ ಒಂದು, ಮೈದಾನದ ತುಂಬ ಕ್ಯಾಮೆರಾ, ಬೇಕಾಗಿದ್ದ ಒಂದೇ ಒಂದು ಚಿತ್ರ ಯಾರದೋ ಬೆನ್ನಿನ ಹಿಂದೆ ಹೋಯ್ತು.

(ಇದಕ್ಕೊಂದು ಬಾಲ ಇದೆ. ಇದೇ ಆಸ್ಟ್ರೋಸ್ ತಂಡ 2017ರಲ್ಲಿ ಸೆಂಟರ್ ಫೀಲ್ಡ್ ಕ್ಯಾಮೆರಾ ಬಳಸಿ ಎದುರಾಳಿ ಕ್ಯಾಚರ್ ಸನ್ನೆಗಳನ್ನ ಕದೀತಿತ್ತು ಅಂತ ಆಮೇಲೆ ಸಾಬೀತಾಯ್ತು. 2020ರ ಜನವರಿಯಲ್ಲಿ 50 ಲಕ್ಷ ಡಾಲರ್ ದಂಡ ಬಿತ್ತು, ಮ್ಯಾನೇಜರ್ ಎ.ಜೆ. ಹಿಂಚ್ ಕೆಲಸ ಹೋಯ್ತು. ಕ್ಯಾಮೆರಾ ವಿಷಯದಲ್ಲಿ ಇವರಿಗೆ ಅನ್ಯಾಯ ಆಯ್ತು ಅಂತ ಅಳೋಕೆ ನನಗೆ ಸ್ವಲ್ಪ ಕಷ್ಟ ಆಗತ್ತೆ. ಆದ್ರೆ ಅದು ಬೇರೆ ಕೇಸು, ಇದು ಬೇರೆ ಕೇಸು.)

5/10
ನನ್ನ ಅಭಿಪ್ರಾಯ ಹೇಳ್ತೀನಿ. ಅದು ಹೋಂ ರನ್ ಆಗಬೇಕಿತ್ತು.

ಬೋಸ್ಟನ್ ಕಡೆಯವರ ವಾದ ನನಗೆ ಗೊತ್ತು, ಅದರಲ್ಲಿ ದಮ್ಮೂ ಇದೆ. ಬೆಟ್ಸ್ ಆ ಕಾಲದ ಅತ್ಯುತ್ತಮ ರೈಟ್ ಫೀಲ್ಡರ್. ಗ್ಲೌಸ್ ಸರಿಯಾದ ಜಾಗಕ್ಕೆ ಹೋಗಿತ್ತು. ಕೈ ತಾಗದಿದ್ರೆ ಹಿಡೀತಿದ್ದೆ ಅಂತ ಅವನೇ ಹೇಳಿದ, ನಾನೂ ಒಪ್ತೀನಿ. ಹತ್ತರಲ್ಲಿ ಒಂಬತ್ತು ಸಲ ಹಿಡೀತಿದ್ದ. ಆದ್ರೆ ರೂಲ್ ಕೇಳೋ ಮೊದಲನೇ ಪ್ರಶ್ನೆ ಅದಲ್ಲ. ಯಾವ ಕಡೆ ಆಯ್ತು ಅನ್ನೋದು ಮೊದಲು. ಗೆರೆಯ ಆಚೆ ಆಗಿದ್ರೆ, ಹಿಡೀತಿದ್ದನೋ ಇಲ್ವೋ ಅನ್ನೋ ಮಾತೇ ಏಳಲ್ಲ. ಅವನು ರಿಸ್ಕ್ ತಗೊಂಡು ಹೋದ, ಸಿಗಲಿಲ್ಲ.

ಆ ಮೊದಲನೇ ಪ್ರಶ್ನೆಗೆ ಮೂರು ನಿಮಿಷ ವಿಡಿಯೋ ನೋಡಿದವರಿಗೂ ಉತ್ತರ ಸಿಗಲಿಲ್ಲ. ಜೋ ವೆಸ್ಟ್‌ಗೆ ಸಿಕ್ಕಿದ್ದು ಅರ್ಧ ಸೆಕೆಂಡು, ಅದೂ ಓಡ್ತಾ ಓಡ್ತಾ. ಮೈದಾನದ ಕಡೆಯೇ ಆಯ್ತು ಅಂತ ಅವನು ಮ್ಯಾಚ್ ಆದ್ಮೇಲೂ ಹೇಳಿದ. ಸುಳ್ಳು ಹೇಳಿದ ಅಂತ ನಾನು ಹೇಳ್ತಿಲ್ಲ, ಅವನಿಗೆ ಹಾಗೇ ಕಂಡಿರುತ್ತೆ.

ನನಗೆ ಕಿರಿಕಿರಿ ಆಗೋದು ಇಲ್ಲಿ. ಬ್ಯಾಟರನ್ನ ಔಟ್ ಮಾಡಬೇಕಾದ್ರೆ ಪ್ರೇಕ್ಷಕ ಸ್ಪಷ್ಟವಾಗಿ ಅಡ್ಡಿ ಮಾಡಿರಬೇಕು ಅಂತ ರೂಲ್ ಹೇಳತ್ತೆ. ಆ ತೀರ್ಮಾನವನ್ನ ಬದಲಾಯಿಸಬೇಕಾದ್ರೂ ಸ್ಪಷ್ಟ ಸಾಕ್ಷಿ ಬೇಕು ಅಂತ ರಿಪ್ಲೇ ನಿಯಮ ಹೇಳತ್ತೆ. ಎರಡು ಕಡೆಯೂ ಅದೇ ಸ್ಪಷ್ಟ. ಮೈದಾನದಲ್ಲಿ ಸ್ಪಷ್ಟ ಅಂತ ಅಂಪೈರ್‌ಗೆ ಅನ್ನಿಸಿದ್ರೆ ಸಾಕು, ಆಮೇಲೆ ಬೇರೆ ಯಾರಿಗೂ ಸ್ಪಷ್ಟ ಕಾಣದಿದ್ರೂ ಅದೇ ನಿಲ್ಲತ್ತೆ. ವೆಸ್ಟ್ ಮೊದಲು ಹೋಂ ರನ್ ಅಂದಿದ್ರೆ? ಅದೇ ವಿಡಿಯೋ, ಅದೇ ಸೆಕ್ಯೂರಿಟಿ ಗಾರ್ಡ್ ಬೆನ್ನು, ನನ್ನ ಲೆಕ್ಕದಲ್ಲಿ ಹೋಂ ರನ್ನೇ ನಿಲ್ತಿತ್ತು.

ಸ್ಪಷ್ಟವಾಗಿ ಅನ್ನೋದು ಕ್ಯಾಚ್ ತಪ್ಪಿಸಿದ್ದರ ಬಗ್ಗೆ, ಯಾವ ಕಡೆ ಅನ್ನೋದರ ಬಗ್ಗೆ ಅಲ್ಲ ಅಂತ ನೀವು ವಾದ ಮಾಡಬಹುದು. ಸರಿ, ಅಕ್ಷರಕ್ಕೆ ಅಕ್ಷರ ಹಿಡಿದ್ರೆ ಹಾಗೂ ಓದಬಹುದು. ಆದ್ರೂ ಯಾವ ಕಡೆ ಅಂತಾನೇ ಗೊತ್ತಿಲ್ಲದಾಗ, ಬಾಲನ್ನ ಅಷ್ಟು ದೂರ ಹೊಡೆದವನಿಗೆ ಶಿಕ್ಷೆ ಯಾಕೆ? ಆಲ್ಟುವೆ ಯಾರ ಕೈಯನ್ನೂ ಎಳೆಯಲಿಲ್ಲವಲ್ಲ.

6/10
ಇದಕ್ಕೆ ಪರಿಹಾರ ರಾಕೆಟ್ ಸೈನ್ಸ್ ಏನಲ್ಲ. ಗೋಡೆಯ ನೇರಕ್ಕೆ, ಯಾರೂ ಅಡ್ಡ ನಿಲ್ಲೋಕೆ ಆಗದಷ್ಟು ಎತ್ತರದಲ್ಲಿ ಒಂದೊಂದು ಕ್ಯಾಮೆರಾ ಗಟ್ಟಿಯಾಗಿ ಕೂರಿಸಿ. ಇಲ್ಲಾಂದ್ರೆ ಮೊದಲ ಸಾಲಿನ ಸೀಟನ್ನ ಒಂದು ಗಜ ಹಿಂದಕ್ಕೆ ಹಾಕಿ. ಆ ಸೀಟಿನ ಟಿಕೆಟ್ ರೇಟ್ ನೋಡಿದ್ರೆ ಯಾಕೆ ಹಾಕಲ್ಲ ಅಂತ ಗೊತ್ತಾಗತ್ತೆ.

ಇನ್ನೊಂದು ಮಾತು. 8–6ಕ್ಕೆ ಸೋತ್ರು, ಅಂದ್ರೆ ಎರಡು ರನ್, ಆ ಹೋಂ ರನ್ ಕೂಡ ಎರಡು ರನ್, ಸೋ ಅಂಪೈರೇ ಸೋಲಿಸಿದ ಅನ್ನೋ ಲೆಕ್ಕ ಬಿಡಿ. ಅದಾದ್ಮೇಲೆ ಎಂಟು ಇನಿಂಗ್ಸ್ ಆಟ ಇತ್ತು. ಮಧ್ಯದಲ್ಲಿ ಆಸ್ಟ್ರೋಸ್ 5–4 ಮುಂದೆ ಕೂಡ ಇದ್ರು. ಜ್ಯಾಕಿ ಬ್ರಾಡ್ಲಿ ಜೂನಿಯರ್ ಹೋಂ ರನ್ ಹೊಡೆದು ಅದನ್ನ ತಿರುಗಿಸಿದ. ಕೊನೇ ಇನಿಂಗ್ಸ್‌ನಲ್ಲಿ ಮೂರೂ ಬೇಸ್‌ನಲ್ಲಿ ಹ್ಯೂಸ್ಟನ್ ಆಟಗಾರರು ನಿಂತಿದ್ರು, ಎರಡು ಔಟ್, ಅಲೆಕ್ಸ್ ಬ್ರೆಗ್ಮನ್ ಹೊಡೆದ ಬಾಲನ್ನ ಆಂಡ್ರ್ಯೂ ಬೆನಿಂಟೆಂಡಿ ಮುಂದಕ್ಕೆ ಹಾರಿ ನೆಲಕ್ಕೆ ತಾಗೋ ಮೊದಲೇ ಹಿಡಿದ. ಅದು ತಪ್ಪಿದ್ದಿದ್ರೆ ಆ ಗೋಡೆ ವಿಷಯ ಇವತ್ತು ಯಾರಿಗೂ ನೆನಪಿರ್ತಿರಲಿಲ್ಲ. ಬೋಸ್ಟನ್ ಮುಂದಿನ ಮ್ಯಾಚ್ ಗೆದ್ದು, ಆಮೇಲೆ ವರ್ಲ್ಡ್ ಸೀರೀಸ್ ಕೂಡ ಗೆದ್ದಿತು.

ನಮ್ಮ ಭಾನುವಾರದ ಮ್ಯಾಚ್‌ನಲ್ಲಿ ನಾವು ಬಿಟ್ಟ ಮೂರು ಕ್ಯಾಚ್ ಬಗ್ಗೆ ಗ್ರೂಪ್‌ನಲ್ಲಿ ಎಷ್ಟು ಮೆಸೇಜ್ ಬಂದಿದೆ? ಸುಮ್ನೆ ಕೇಳಿದೆ. (ಒಂದು ಬಿಟ್ಟಿದ್ದು ನಾನೇ.)

7/10
1996. ಇದು ಉಲ್ಟಾ ಕೇಸು.

ಅಕ್ಟೋಬರ್ 9, ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂ. ಎಂಟನೇ ಇನಿಂಗ್ಸ್, ಬಾಲ್ಟಿಮೋರ್ ಓರಿಯೋಲ್ಸ್ 4–3 ಮುಂದೆ. ಯಾಂಕೀಸ್‌ನ ಡೆರೆಕ್ ಜೀಟರ್, ಆಗಿನ್ನೂ ಹೊಸ ಹುಡುಗ, ರೈಟ್ ಫೀಲ್ಡ್‌ಗೆ ಎತ್ತಿ ಹೊಡೆದ. ಟೋನಿ ಟರಾಸ್ಕೋ ಗೋಡೆಗೆ ಬೆನ್ನು ಕೊಟ್ಟು ಗ್ಲೌಸ್ ಮೇಲೆತ್ತಿ ಕಾಯ್ತಿದ್ದ. ಮೇಲಿಂದ 12 ವರ್ಷದ ಹುಡುಗನೊಬ್ಬ ಗ್ಲೌಸ್ ಹಾಕಿದ್ದ ಕೈಯನ್ನ ಗೋಡೆಯಿಂದ ಈಚೆಗೆ ಚಾಚಿ ಬಾಲನ್ನ ಒಳಗೆ ಎಳ್ಕೊಂಡ. ಟರಾಸ್ಕೋ ಮೇಲೆ ಬೆರಳು ತೋರಿಸಿ ಕೂಗಾಡಿದ. ಅಂಪೈರ್ ರಿಚ್ ಗಾರ್ಸಿಯಾ ಹೋಂ ರನ್ ಕೊಟ್ಟ. ಸ್ಕೋರು ಸಮ ಆಯ್ತು, 11ನೇ ಇನಿಂಗ್ಸ್‌ನಲ್ಲಿ ಬರ್ನಿ ವಿಲಿಯಮ್ಸ್ ಹೋಂ ರನ್ ಹೊಡೆದು ಯಾಂಕೀಸ್ ಗೆದ್ದಿತು.

ಆಗ ರಿಪ್ಲೇ ಇರಲಿಲ್ಲ, ಹೋಂ ರನ್‌ಗೆ ರಿಪ್ಲೇ ಬಂದಿದ್ದೇ 2008ರಲ್ಲಿ. ಮ್ಯಾಚ್ ಆದ್ಮೇಲೆ ಗಾರ್ಸಿಯಾ ಟೀವಿಯಲ್ಲಿ ನೋಡಿ, ಹುಡುಗ ಅಡ್ಡಿ ಮಾಡಿದ್ದು ಹೌದು ಅಂತ ಒಪ್ಕೊಂಡ. ಓರಿಯೋಲ್ಸ್ ಪ್ರತಿಭಟನೆ ಸಲ್ಲಿಸಿದ್ರು. ಅಂಪೈರ್ ತೀರ್ಮಾನದ ವಿಷಯ, ಬದಲಾಯಿಸೋಕೆ ಬರಲ್ಲ ಅಂತ ಲೀಗ್ ತಳ್ಳಿಹಾಕ್ತು.

ಆ ಹುಡುಗ ಏನಾದ? ನ್ಯೂಯಾರ್ಕ್‌ನಲ್ಲಿ ಹೀರೋ ಆದ. ಟೀವಿ ಕಾರ್ಯಕ್ರಮ, ಪೇಪರ್‌ನಲ್ಲಿ ಫೋಟೋ. ಇಲ್ಲಿ ತಪ್ಪು ಆಗಿದೆ ಅಂತ ಅಂಪೈರೇ ಒಪ್ಕೊಂಡಿದ್ದಾನೆ, ಆದ್ರೂ ಹುಡುಗನನ್ನ ಊರಿಗೆ ಊರೇ ಹೊತ್ತು ಮೆರೆಸ್ತು, ಯಾಕಂದ್ರೆ ಊರು ಗೆದ್ದಿತ್ತು.

8/10
ಇದನ್ನ ಸ್ವಲ್ಪ ನಿಧಾನಕ್ಕೆ ಓದಿ.

2003 ಅಕ್ಟೋಬರ್ 14, ಷಿಕಾಗೋದ ರಿಗ್ಲೀ ಫೀಲ್ಡ್. ಷಿಕಾಗೋ ಕಬ್ಸ್ ತಂಡ 1908ರಿಂದ ಚಾಂಪಿಯನ್ ಆಗಿರಲಿಲ್ಲ. 1945ರಿಂದ ವರ್ಲ್ಡ್ ಸೀರೀಸ್‌ಗೇ ಹೋಗಿರಲಿಲ್ಲ. ಈ ಸಲ ಕಪ್ ನಮ್ದೇ ಅಂತ ಹೇಳ್ಕೊಂಡು ವರ್ಷಗಟ್ಟಲೆ ಕಾದ ಅನುಭವ ನಮಗೂ ಇದೆಯಲ್ಲ, ಅದನ್ನ ಐದಾರು ಪಟ್ಟು ಮಾಡಿ. ಅವತ್ತು ಫ್ಲೋರಿಡಾ ಮಾರ್ಲಿನ್ಸ್ ವಿರುದ್ಧ 3–0 ಮುಂದೆ, ಎಂಟನೇ ಇನಿಂಗ್ಸ್, ವರ್ಲ್ಡ್ ಸೀರೀಸ್‌ಗೆ ಇನ್ನು ಐದೇ ಔಟ್ ಬಾಕಿ.

ಲೂಯಿಸ್ ಕಾಸ್ಟಿಯೋ ಹೊಡೆದ ಬಾಲ್ ಎಡಗಡೆ ಫೌಲ್ ಆಗಿ ಸ್ಟ್ಯಾಂಡ್ ಅಂಚಿಗೆ ಬಂತು. ಕಬ್ಸ್ ಫೀಲ್ಡರ್ ಮೊಯ್ಸೆಸ್ ಅಲೂ ಗೋಡೆಗೆ ಎಗರಿದ. ಅಲ್ಲಿದ್ದ ಹಲವರು ಕೈ ಚಾಚಿದ್ರು. ಬಾಲ್ ತಾಗಿದ್ದು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ರೇಡಿಯೋ ಕೇಳ್ತಿದ್ದ ಒಬ್ಬ ಕಬ್ಸ್ ಅಭಿಮಾನಿಯ ಕೈಗೆ. ಕ್ಯಾಚ್ ಹೋಯ್ತು. ಅಲೂ ಸಿಟ್ಟಿನಿಂದ ಕುಣಿದಾಡಿಬಿಟ್ಟ.

ಬಾಲ್ ಗೆರೆಯ ಆಚೆ, ಪ್ರೇಕ್ಷಕರ ಕಡೆ ಇತ್ತು ಅಂತ ಅಂಪೈರ್ ತೀರ್ಮಾನ ಮಾಡಿದ. ಅಂದ್ರೆ ಅಡ್ಡಿ ಅಲ್ಲ. ಅಂದ್ರೆ ರೂಲ್ ಪ್ರಕಾರ ಆ ಮನುಷ್ಯ ಏನೂ ತಪ್ಪು ಮಾಡಿಲ್ಲ, ಅವನ ಜಾಗದಲ್ಲಿ ಅವನು ಕೈ ಚಾಚಿದ್ದಾನೆ.

ಆಮೇಲೆ ಆಗಿದ್ದು ಏನು? ಕಬ್ಸ್ ಪಿಚರ್ ಕಾಸ್ಟಿಯೋಗೆ ವಾಕ್ ಕೊಟ್ಟ. ಎರಡು ಔಟ್ ಸಿಗಬಹುದಾಗಿದ್ದ ಸುಲಭದ ಬಾಲನ್ನ ಶಾರ್ಟ್‌ಸ್ಟಾಪ್ ಅಲೆಕ್ಸ್ ಗೊನ್ಸಾಲೆಜ್ ಕೈಬಿಟ್ಟ. ಮಾರ್ಲಿನ್ಸ್ ಆ ಒಂದೇ ಇನಿಂಗ್ಸ್‌ನಲ್ಲಿ ಎಂಟು ರನ್ ಮಾಡಿದ್ರು. 8–3. ಮಾರನೇ ದಿನ ಏಳನೇ ಮ್ಯಾಚೂ ಕಬ್ಸ್ ಸೋತ್ರು.

ಆದ್ರೆ ಸಿಟ್ಟೆಲ್ಲ ಹೋಗಿದ್ದು ಹೆಡ್‌ಫೋನ್ ಹಾಕಿದ್ದವನ ಮೇಲೆ. ಸುತ್ತ ಇದ್ದವರು ಅವನ ಮೇಲೆ ಬಿಯರ್ ಎರಚಿದ್ರು, ಕೈಗೆ ಸಿಕ್ಕಿದ್ದು ಎಸೆದ್ರು. ಮುಖ ಮುಚ್ಕೊಳ್ಳಿಸಿ ಸೆಕ್ಯೂರಿಟಿಯವರು ಕರ್ಕೊಂಡು ಹೋಗಬೇಕಾಯ್ತು. ಬೆಳಗಾಗೋದರೊಳಗೆ ಅವನ ಹೆಸರು ಎಲ್ಲ ಕಡೆ. ಮನೆಗೆ ಪೊಲೀಸ್ ಕಾವಲು. ಅವನು ಕ್ಷಮೆ ಕೇಳಿ ಹೇಳಿಕೆ ಕೊಟ್ಟ, ಆಮೇಲೆ ಜನರ ಕಣ್ಣಿಂದಲೇ ದೂರ ಆದ. ಆ ಬಾಲನ್ನ ಮುಂದಿನ ವರ್ಷ ಷಿಕಾಗೋದಲ್ಲಿ ಎಲ್ಲರೆದುರು ಸಿಡಿಸಿ ಪುಡಿ ಮಾಡಿದ್ರು. ಬಾಲನ್ನ! ಏನು ಮಾಡಿತ್ತು ಅದು ಪಾಪ.

2016ರಲ್ಲಿ ಕಬ್ಸ್ ಕೊನೆಗೂ ಗೆದ್ರು. ಮುಂದಿನ ವರ್ಷ ತಂಡದವರು ಆ ಮನುಷ್ಯನಿಗೆ ಚಾಂಪಿಯನ್ ಉಂಗುರ ಕೊಟ್ರು. ಒಳ್ಳೆ ಕೆಲಸ. ಆದ್ರೆ ನಡುವೆ 13 ವರ್ಷ ಹೋಗಿತ್ತು. ಅವನ ಹೆಸರು ಹುಡುಕಿದ್ರೆ ಸಿಗತ್ತೆ, ನಾನು ಬೇಕಂತಲೇ ಬರೆದಿಲ್ಲ.

9/10
"ಹಾಗಾದ್ರೆ ಪ್ರೇಕ್ಷಕ ಏನು ಮಾಡಿದ್ರೂ ಸರಿನಾ?" ಅಂತ ಕೇಳ್ತೀರ. ಇಲ್ಲ.

2024 ಅಕ್ಟೋಬರ್ 29, ವರ್ಲ್ಡ್ ಸೀರೀಸ್, ಮತ್ತೆ ನ್ಯೂಯಾರ್ಕ್, ಮತ್ತೆ ಅದೇ ಮೂಕಿ ಬೆಟ್ಸ್, ಈಗ ಲಾಸ್ ಏಂಜಲೀಸ್ ಡಾಡ್ಜರ್ಸ್ ಅಂಗಿಯಲ್ಲಿ. (ಈ ಮನುಷ್ಯನ ಜಾತಕದಲ್ಲೇ ಗೋಡೆ ದೋಷ ಇದೆ ಅನ್ಸತ್ತೆ.) ಗ್ಲೈಬರ್ ಟೋರೆಸ್ ಹೊಡೆದ ಫೌಲ್ ಬಾಲನ್ನ ಬೆಟ್ಸ್ ಗೋಡೆ ಹತ್ರ ಎಗರಿ ಹಿಡಿದ. ಬಾಲ್ ಗ್ಲೌಸ್ ಒಳಗೆ ಬಿದ್ದಾಗಿತ್ತು. ಆಮೇಲೆ ಒಬ್ಬ ಯಾಂಕೀಸ್ ಅಭಿಮಾನಿ ಗ್ಲೌಸ್ ಹಿಡಿದು ಬಿಡಿಸಿ ಬಾಲ್ ಕಿತ್ತ, ಪಕ್ಕದವನು ಬೆಟ್ಸ್‌ನ ಇನ್ನೊಂದು ಕೈ ಹಿಡ್ಕೊಂಡ. ಅಂಪೈರ್ ತಕ್ಷಣ ಔಟ್ ಅಂದ. ಇಬ್ಬರನ್ನೂ ಹೊರಗೆ ಹಾಕಿದ್ರು, ಆಮೇಲೆ ಲೀಗ್‌ನ ಎಲ್ಲ ಸ್ಟೇಡಿಯಂಗಳಿಂದಲೂ ಅನಿರ್ದಿಷ್ಟ ಕಾಲ ನಿಷೇಧ ಮಾಡಿದ್ರು.

ಇದರಲ್ಲಿ ಡಿಬೇಟ್ ಏನಿಲ್ಲ. ಬಾಲ್ ಕಡೆ ಕಣ್ಣಿಟ್ಟು ಕೈ ಚಾಚೋದು ಒಂದು, ಆಟಗಾರನ ಕೈಯನ್ನೇ ಹಿಡಿದು ಎಳೆಯೋದು ಇನ್ನೊಂದು. ಇವೆರಡರ ವ್ಯತ್ಯಾಸ ಗೊತ್ತಾಗೋಕೆ ಯಾವ ಕ್ಯಾಮೆರಾನೂ ಬೇಕಿಲ್ಲ.

10/10
ಈಗ ಭಾನುವಾರಕ್ಕೆ ವಾಪಸ್ ಬರ್ತೀನಿ.

ರೀಲ್ ಹಾಕಿದ ನಮ್ಮ ಸೆಕ್ಷನ್‌ನವರೇ, ಆ ರೀಲ್ ನಮ್ಮ ಪರ ಇಲ್ಲ. ನಮ್ಮ ಹುಡುಗನ ಕೈ ಗೋಡೆಯ ಈಚೆ ಇತ್ತಾ ಆಚೆ ಇತ್ತಾ ಅಂತ ನಾನು ಎಂಟು ಜನರನ್ನ ಕೇಳಿದೆ. ಎ ಸೆಕ್ಷನ್‌ನ ನಾಲ್ವರೂ ಆಚೆ ಅಂದ್ರು, ಬಿ ಸೆಕ್ಷನ್‌ನ ನಾಲ್ವರೂ ಈಚೆ ಅಂದ್ರು. ನಾನು ಮಿಡ್‌ವಿಕೆಟ್‌ನಲ್ಲಿ ನಿಂತಿದ್ದೆ, ನೇರವಾಗಿ ನೋಡ್ತಿದ್ದೆ, ನನಗೆ ಗೊತ್ತಾಗಲಿಲ್ಲ. ಹಾಗಿದ್ಮೇಲೆ ಹ್ಯೂಸ್ಟನ್‌ಗೆ ಹೇಳಿದ್ದನ್ನೇ ಇಲ್ಲೂ ಹೇಳಬೇಕು. ಯಾವ ಕಡೆ ಅಂತ ಗೊತ್ತಿಲ್ಲ ಅಂದ್ರೆ ಹೊಡೆದವನಿಗೆ ಸಿಕ್ಸ್. ಸೀನಿಯರ್ ಅಣ್ಣ ಕೊಟ್ಟಿದ್ದು ಸರಿ. ನಾವು ಸೋತ್ವಿ. ಬೈಯೋದಿದ್ರೆ ಕಾಮೆಂಟ್‌ನಲ್ಲಿ ನನ್ನನ್ನೇ ಬೈಯಿರಿ, ಓದ್ತೀನಿ.

ಆದ್ರೆ ಆ ಫಸ್ಟ್ ಇಯರ್ ಹುಡುಗನ ಫೋಟೋ ಕತ್ತರಿಸಿ ಸ್ಟಿಕ್ಕರ್ ಮಾಡಿದ್ದೀರಲ್ಲ, ಅದು ನಮ್ಮ ಗ್ರೂಪ್ ದಾಟಿ ಇನ್ನೂ ಮೂರು ಗ್ರೂಪ್‌ಗೆ ಹೋಗಿದೆ. ಮೆಸ್‌ನಲ್ಲಿ ಅವನು ತಟ್ಟೆ ಹಿಡ್ಕೊಂಡು ಬಂದ್ರೆ ಯಾರೋ ಒಬ್ಬ ಕೈ ಮೇಲೆತ್ತಿ ತೋರಿಸ್ತಾನೆ, ಟೇಬಲ್‌ಗೆ ಟೇಬಲ್ಲೇ ನಗತ್ತೆ. ಸೋಮವಾರ ನಾನೂ ನಕ್ಕೆ. ಮಂಗಳವಾರದಿಂದ ಅವನು ಎಲ್ಲರೂ ಎದ್ದು ಹೋದ್ಮೇಲೆ ಊಟಕ್ಕೆ ಬರ್ತಿದ್ದಾನೆ. ನಿನ್ನೆ ಮಾತಾಡಿಸಿದೆ. "ಅಣ್ಣಾ, ಬಾಲ್ ತಲೆಗೆ ಬೀಳತ್ತೆ ಅಂತ ಕೈ ಎತ್ತಿದ್ದು" ಅಂದ. ಅಷ್ಟೇ ಹೇಳಿ ಹೊರಟೋದ.

ಸ್ಟಿಕ್ಕರ್ ಮಾಡಿದ್ದು ಯಾರು ಅಂತ ನನಗೆ ಗೊತ್ತು, ಇಲ್ಲಿ ಹೇಳಲ್ಲ. ನಿಮ್ಮ ಫೋನಲ್ಲಿ ಇದ್ರೆ ತೆಗೀರಿ, ಫಾರ್ವರ್ಡ್ ಆಗಿದ್ರೆ ಅಲ್ಲೂ ತೆಗೆಸಿ.

ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಮತ್ತೆ ಮ್ಯಾಚ್. ಟಾಸ್‌ಗೆ ಮೊದಲು ಗೋಡೆ ರೂಲ್ ಏನು ಅಂತ ಎರಡೂ ಸೆಕ್ಷನ್ ಕ್ಯಾಪ್ಟನ್‌ಗಳು ಕೂತು ತೀರ್ಮಾನ ಮಾಡಿ. ನಮಗೆ ಒಬ್ಬ ಕಮ್ಮಿ ಇದ್ದಾನೆ. ಅವನನ್ನ ಕರೆದಿದ್ದೀನಿ, ಬರ್ತೀನಿ ಅಂತ ಇನ್ನೂ ಹೇಳಿಲ್ಲ.

#ಗೋಡೆಮೇಲಿನಕೈ #ಬೇಸ್‌ಬಾಲ್ #ಬಿಸೆಕ್ಷನ್ #ಭಾನುವಾರಏಳಕ್ಕೆ